ವಿಳಾಸ ಪಟ್ಟಿಯ ಕಥೆ

ನೂರಾರು ಜನರಿಗೆ ಒಂದೇ ಪತ್ರ ಕಳಿಸುವ ಕಷ್ಟ ಸಂಘ ನಡೆಸುವವರಿಗೂ ಗೊತ್ತು, ನಮ್ಮಂಥ ಸರಕಾರಿ ಗುಮಾಸ್ತರಿಗೂ ಗೊತ್ತು. ಪತ್ರ ಬರೆಯುವುದು ಅರ್ಧ ಗಂಟೆಯ ಕೆಲಸ. ಲಕೋಟೆಗಳ ಮೇಲೆ ವಿಳಾಸ ಬರೆಯುವುದು ಎರಡು ದಿನದ ಕೆಲಸ. ಈ ಶ್ರಮವನ್ನು ಯಂತ್ರಕ್ಕೆ ವಹಿಸುವ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

೧೮೯೦ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಜೋಸೆಫ್ ಡಂಕನ್ ಎಂಬುವರು ‘ಅಡ್ರೆಸೋಗ್ರಾಫ್’ ಯಂತ್ರವನ್ನು ರೂಪಿಸಿದರು. ಮುಂದಿನ ಮಾದರಿಗಳಲ್ಲಿ ಒಬ್ಬೊಬ್ಬರ ವಿಳಾಸಕ್ಕೂ ಉಬ್ಬಕ್ಷರದ ಒಂದೊಂದು ತಗಡು. ಆ ತಗಡುಗಳ ಪೆಟ್ಟಿಗೆಯೇ ವಿಳಾಸ ಪಟ್ಟಿ. ಮನೆ ಬದಲಿಸಿದವರ ತಗಡನ್ನು ಯಾರಾದರೂ ತೆಗೆದಿಡದಿದ್ದರೆ ಯಂತ್ರ ಹಳೆಯ ವಿಳಾಸವನ್ನೇ ಒತ್ತುತ್ತಿತ್ತು.

೧೯೭೧ರಲ್ಲಿ ರೇ ಟಾಮ್ಲಿನ್‌ಸನ್ ಅವರು ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ಲಕೋಟೆ, ಅಂಟು, ಅಂಚೆಚೀಟಿ ಮೂರೂ ತಪ್ಪಿದವು. ವಿಳಾಸ ಬರೆಯುವುದು ತಪ್ಪಲಿಲ್ಲ. ೧೯೭೮ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್, ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಸುಮಾರು ೪೦೦ ಜನರನ್ನು ಇ-ಮೇಲ್ ಮೂಲಕ ಕರೆದರು. ಅಚ್ಚಾದ ಡೈರೆಕ್ಟರಿ ನೋಡಿಕೊಂಡು ವಿಳಾಸಗಳನ್ನು ಕೈಯಿಂದಲೇ ಟೈಪು ಮಾಡಬೇಕಾಯಿತು. ಪ್ರೋಗ್ರಾಮಿಗೆ ಅಷ್ಟು ಹೆಸರುಗಳು ಹಿಡಿಸದೆ, ಮಿಕ್ಕವು ಪತ್ರದ ಒಕ್ಕಣೆಯೊಳಗೇ ಸೇರಿಹೋದವು. ಕೇಳದೆ ಬಂದ ಈ ಆಹ್ವಾನಕ್ಕೆ ಹಲವರು ಆಕ್ಷೇಪಿಸಿದರು. ‘ಸ್ಪ್ಯಾಮ್’ ಎಂದು ನಾವಿಂದು ಕರೆಯುವ ಹಾವಳಿಗೆ ಇದೇ ಮೊದಲ ಉದಾಹರಣೆ ಎನ್ನುತ್ತಾರೆ.

ಪಟ್ಟಿಯ ಸಮಸ್ಯೆಗೆ ಪರಿಹಾರ ತಂದವರು ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಎರಿಕ್ ಥಾಮಸ್. ವಿಶ್ವವಿದ್ಯಾಲಯಗಳ ಬಿಟ್‌ನೆಟ್ ಜಾಲದಲ್ಲಿ ಅನೇಕ ಚರ್ಚಾ ಪಟ್ಟಿಗಳಿದ್ದವು. ಹೆಸರು ಸೇರಿಸಲು, ತೆಗೆಯಲು ಒಬ್ಬ ಸಿಬ್ಬಂದಿಗೆ ಬರೆದು ಕಾಯಬೇಕಿತ್ತು. ೧೯೮೬ರಲ್ಲಿ ಈ ವಿದ್ಯಾರ್ಥಿ ತಾನೇ ಬರೆದ ‘ಲಿಸ್ಟ್‌ಸರ್ವ್’ ಪ್ರೋಗ್ರಾಂ ಆ ಕೆಲಸವನ್ನು ವಹಿಸಿಕೊಂಡಿತು. ಸೇರಬಯಸುವವರು ಒಂದು ಸಾಲಿನ ಆಜ್ಞೆ ಕಳಿಸಿದರೆ ಸಾಕು, ಬಿಡಬಯಸುವವರಿಗೂ ಅಷ್ಟೇ. ವೇಗಕ್ಕಿಂತ ಇದೇ ದೊಡ್ಡ ಹೆಜ್ಜೆಯೆಂದು ನನಗೆ ತೋರುತ್ತದೆ. ತನ್ನ ಹೆಸರು ಪಟ್ಟಿಯಲ್ಲಿರಬೇಕೇ ಬೇಡವೇ ಎಂಬ ಹಕ್ಕು ಪತ್ರ ಪಡೆಯುವವರ ಕೈಗೆ ಬಂದಿತು.

ಈ ತತ್ವವನ್ನು ಕಾನೂನು ಒಪ್ಪಲು ಕಾಲ ಹಿಡಿಯಿತು. ‘ಇನ್ನು ಕಳಿಸಬೇಡಿ’ ಎಂದವರ ಕೋರಿಕೆಯನ್ನು ವಾಣಿಜ್ಯ ಇ-ಮೇಲ್ ಕಳಿಸುವವರು ಹತ್ತು ಕೆಲಸದ ದಿನಗಳೊಳಗೆ ನಡೆಸಿಕೊಡಬೇಕೆಂದು ಅಮೆರಿಕದ ೨೦೦೩ರ ಕಾಯಿದೆ ವಿಧಿಸಿತು. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕೆಂಬ ಮಾತು ಭಾರತದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿದೆ.

ಇಂದು ‘ಪೈಥಾನ್’ ಭಾಷೆ ಬಲ್ಲ ಕಾಲೇಜು ಹುಡುಗಿಯೊಬ್ಬಳು ಕೆಲವೇ ಸಾಲುಗಳ ಪ್ರೋಗ್ರಾಂ ಬರೆದು, ಸದಸ್ಯರ ಪಟ್ಟಿಯಿಂದ ಒಬ್ಬೊಬ್ಬರ ಹೆಸರನ್ನೆತ್ತಿ ‘ಮಾನ್ಯರೇ’ ಎಂದು ರಾಜ್ಯೋತ್ಸವದ ಆಹ್ವಾನ ಕಳಿಸಬಲ್ಲಳು. ಆದರೆ ಯಾರು ವರ್ಗವಾಗಿ ನಾಗಪುರಕ್ಕೆ ಹೋದರು, ಯಾರು ನಮ್ಮನ್ನಗಲಿದರು ಎಂಬುದು ಯಂತ್ರಕ್ಕೆ ತಿಳಿಯದು. ತೀರಿಕೊಂಡ ಹಿರಿಯರ ಹೆಸರಿಗೆ ಆಹ್ವಾನ ಹೋದರೆ ಆ ಮನೆಯವರ ಮನಸ್ಸಿಗೆ ಎಷ್ಟು ನೋವಾದೀತು! ಪರಊರಿನಲ್ಲಿ ಬಂಧುಗಳಂತಿರುವ ನಮ್ಮ ಸಂಘಗಳಿಗೆ ಇದು ಸಣ್ಣ ವಿಷಯವಲ್ಲ. ಪ್ರತಿ ಸಂಘವೂ ಪಟ್ಟಿಯನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ಸದಸ್ಯರೂ ವಿಳಾಸ ಬದಲಾದ ಕೂಡಲೇ ತಿಳಿಸಬೇಕು.