ಒಂದು ಮತದ ಬೆಲೆ: ಮಂಡ್ಯ, ಮದ್ದೂರು, ಮಳವಳ್ಳಿ ಪುರಾಡಳಿತದಲ್ಲಿ ನಿರ್ಣಯಗಳು ಆಗುವ ಬಗೆ

ಮಂಡ್ಯ: 2024ರ ಆಗಸ್ಟ್ ತಿಂಗಳಲ್ಲಿ ಮಂಡ್ಯ ನಗರಸಭೆಯ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಜೆಡಿಎಸ್-ಬಿಜೆಪಿ ಮೈತ್ರಿಕೂಟದ ಅಭ್ಯರ್ಥಿಗೆ 19 ಮತ, ಕಾಂಗ್ರೆಸ್ ಬೆಂಬಲಿತ ಅಭ್ಯರ್ಥಿಗೆ 18 ಮತ ದೊರೆತವು. ಕೇಂದ್ರ ಸಚಿವರೂ ಕ್ಷೇತ್ರದ ಸಂಸದರೂ ಆದ ಎಚ್.ಡಿ. ಕುಮಾರಸ್ವಾಮಿ ಅವರೇ ಸಭಾಂಗಣಕ್ಕೆ ಬಂದು ಮತ ಚಲಾಯಿಸಿದ್ದರು. ನಗರಸಭೆಯಲ್ಲಿ ಇರುವುದು 35 ವಾರ್ಡ್. ಹಾಗಿರುವಾಗ 37 ಮತಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಅಂದು ಅನೇಕ ನಾಗರಿಕರಲ್ಲಿ ಮೂಡಿದ್ದು ಸಹಜ. ಉತ್ತರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿದೆ.

ಮತದ ಹಕ್ಕು ಯಾರಿಗೆ?

ವಾರ್ಡುಗಳಿಂದ ಚುನಾಯಿತರಾದ ಸದಸ್ಯರಲ್ಲದೆ, ಆ ಪಟ್ಟಣವನ್ನು ಒಳಗೊಂಡ ಕ್ಷೇತ್ರದ ಶಾಸಕರು ಮತ್ತು ಲೋಕಸಭಾ ಸದಸ್ಯರು ಕೂಡ ಪುರಾಡಳಿತ ಸಂಸ್ಥೆಯ ಸದಸ್ಯರೇ. ಅವರಿಗೆ ಮತದಾನದ ಹಕ್ಕೂ ಉಂಟು. ರಾಜ್ಯಸಭೆ ಹಾಗೂ ವಿಧಾನ ಪರಿಷತ್ತಿನ ಸದಸ್ಯರು ಅದೇ ಪಟ್ಟಣದ ಮತದಾರರ ಪಟ್ಟಿಯಲ್ಲಿ ಹೆಸರು ಹೊಂದಿದ್ದರೆ ಅವರಿಗೂ ಸ್ಥಾನವಿದೆ. ಸರ್ಕಾರವು ಐವರನ್ನು ಮೀರದಂತೆ ನಾಮನಿರ್ದೇಶನ ಮಾಡಬಹುದು. ಆದರೆ ನಾಮನಿರ್ದೇಶಿತರು ಚರ್ಚೆಯಲ್ಲಿ ಪಾಲ್ಗೊಳ್ಳಬಹುದೇ ಹೊರತು ಮತ ಹಾಕುವಂತಿಲ್ಲ.

ಮಂಡ್ಯದಲ್ಲಿ 35 ಸದಸ್ಯರ ಜೊತೆಗೆ ಶಾಸಕರು, ಸಂಸದರು ಸೇರಿ 37 ಆಯಿತು. 2018ರ ಆಗಸ್ಟ್ 31ರಂದು ನಡೆದ ಚುನಾವಣೆಯಲ್ಲಿ ಜೆಡಿಎಸ್ 18, ಕಾಂಗ್ರೆಸ್ 10, ಬಿಜೆಪಿ 2 ಹಾಗೂ ಪಕ್ಷೇತರರು 5 ಸ್ಥಾನ ಗಳಿಸಿದ್ದರು. ಆರು ವರ್ಷಗಳ ಅನಂತರ ಆ ಲೆಕ್ಕ ಉಳಿದಿರಲಿಲ್ಲ. ಸಂಸದರ ಮತ ಬೀಳದೆ ಹೋಗಿದ್ದರೆ 18-18 ಸಮನಾಗಿ ಚೀಟಿ ಎತ್ತಬೇಕಾದ ಪ್ರಸಂಗ ಒದಗುತ್ತಿತ್ತು. ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆಯಲ್ಲಿ ಮತ ಸಮಬಲವಾದರೆ ಅನುಸರಿಸುವ ಕ್ರಮ ಅದು.

ಪಕ್ಷದ ಸಚೇತಕಾಜ್ಞೆ ಮೀರಿ ಮತ ಹಾಕಿದ ಸದಸ್ಯರ ಮೇಲೆ 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ (ಪಕ್ಷಾಂತರ ನಿಷೇಧ) ಕಾಯ್ದೆಯ ಪ್ರಕಾರ ಕ್ರಮಕ್ಕೆ ಅವಕಾಶವಿದೆ. ಪಕ್ಷವು 15 ದಿನಗಳೊಳಗೆ ಆ ನಡೆಯನ್ನು ಮನ್ನಿಸದಿದ್ದಲ್ಲಿ ಸದಸ್ಯತ್ವಕ್ಕೇ ಕುತ್ತು ಬರಬಹುದು.

ಗೆದ್ದರೂ ಕಾಯಬೇಕಾದ ಸದಸ್ಯರು

ಅಧ್ಯಕ್ಷ, ಉಪಾಧ್ಯಕ್ಷರ ಅಧಿಕಾರಾವಧಿ 30 ತಿಂಗಳು. ಅಂದರೆ ಐದು ವರ್ಷಗಳಲ್ಲಿ ಎರಡು ಅವಧಿ. ಯಾವ ಅವಧಿಗೆ ಯಾವ ವರ್ಗದವರು ಎಂಬ ಮೀಸಲಾತಿಯನ್ನು ಸರ್ಕಾರ ಪ್ರಕಟಿಸುತ್ತದೆ. ಈ ಮೀಸಲಾತಿ ಪಟ್ಟಿಯೇ ನ್ಯಾಯಾಲಯದ ಮೆಟ್ಟಿಲೇರಿದ ಕಾರಣ ರಾಜ್ಯದ ಅನೇಕ ಪಟ್ಟಣಗಳಲ್ಲಿ ಗೆದ್ದ ಸದಸ್ಯರು ಸಭೆಯಿಲ್ಲದೆ ಕಾಯಬೇಕಾಯಿತು. ಮಂಡ್ಯದಲ್ಲಿ 2018ರಲ್ಲಿ ಗೆದ್ದವರು ಅಧ್ಯಕ್ಷರನ್ನು ಆರಿಸಿದ್ದು 2020ರ ನವೆಂಬರ್‌ನಲ್ಲಿ. ಮಳವಳ್ಳಿ ಪುರಸಭೆಯ 23 ವಾರ್ಡುಗಳಿಗೆ 2019ರ ಮೇ 29ರಂದು ಮತದಾನ ನಡೆಯಿತು. ಅಲ್ಲಿನ ಸದಸ್ಯರೂ ವರ್ಷಕ್ಕೂ ಮಿಕ್ಕಿ ಕಾದರು.

ಮಂಡ್ಯದಲ್ಲಿ ಮೊದಲ ಅವಧಿ 2023ರ ಮೇ ತಿಂಗಳಿಗೆ ಮುಗಿದಾಗ ಮತ್ತೆ ಅದೇ ಕಥೆ. ಎರಡನೆಯ ಅವಧಿಗೆ ಆಯ್ಕೆ ನಡೆದದ್ದು ಒಂದೂಕಾಲು ವರ್ಷದ ಬಳಿಕ. ಸಂವಿಧಾನದ 243ಯು ವಿಧಿಯಂತೆ ಐದು ವರ್ಷಗಳ ಅವಧಿ ಮೊದಲ ಸಭೆಯ ದಿನದಿಂದ ಆರಂಭವಾಗುತ್ತದೆ. ಆದ್ದರಿಂದ ಮೊದಲಿನ ವಿಳಂಬ ಸದಸ್ಯರ ಅವಧಿಯನ್ನು ಕಸಿಯಲಿಲ್ಲ. ನಡುವಿನ ವಿಳಂಬವಾದರೋ ಐದು ವರ್ಷಗಳ ಲೆಕ್ಕದೊಳಗೇ ಕರಗಿಹೋಯಿತು.

ಇಂಥ ಸಮಯದಲ್ಲಿ ಅಧಿಕಾರ ಆಡಳಿತಾಧಿಕಾರಿಯ ಕೈ ಸೇರುತ್ತದೆ. ಕಡತ ನಿಲ್ಲುವುದಿಲ್ಲ, ಸಂಬಳ ನಿಲ್ಲುವುದಿಲ್ಲ. ಆದರೆ ಯಾವ ಬಡಾವಣೆಗೆ ಮೊದಲು ಚರಂಡಿ, ಯಾವ ಬೀದಿಗೆ ಮೊದಲು ದೀಪ ಎಂಬುದನ್ನು ಸಭೆಯಲ್ಲಿ ಎದ್ದುನಿಂತು ಕೇಳುವ ಧ್ವನಿ ಇರುವುದಿಲ್ಲ. ವಾರ್ಡಿನ ಜನರಾದರೋ ದೂರು ಹೇಳಲು ಸದಸ್ಯರ ಮನೆಯ ಬಾಗಿಲಿಗೇ ಬರುತ್ತಾರೆ.

ಸಭೆಯಲ್ಲಿ ನಡೆಯುವುದೇನು?

ಸಭೆಯ ದಿನಾಂಕ ಮತ್ತು ವಿಷಯಪಟ್ಟಿಯನ್ನು ಸದಸ್ಯರಿಗೆ ಮುಂಚಿತವಾಗಿ ಕಳುಹಿಸಬೇಕು. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿಗಳು ವಿಷಯಗಳನ್ನು ಮಂಡಿಸುತ್ತಾರೆ. ಹಿಂದಿನ ಸಭೆಯ ನಡಾವಳಿಯ ಓದು, ಜಮಾ-ಖರ್ಚಿನ ಅನುಮೋದನೆ, ಕಾಮಗಾರಿಗಳ ಟೆಂಡರ್, ವಾಣಿಜ್ಯ ಮಳಿಗೆಗಳ ಹರಾಜು, ಕುಡಿಯುವ ನೀರು ಹಾಗೂ ಕಸ ವಿಲೇವಾರಿ ಸಾಮಾನ್ಯವಾಗಿ ಪಟ್ಟಿಯಲ್ಲಿರುವ ವಿಷಯಗಳು. ಕೆಲಸ ಮುಗಿದ ಮೇಲೆ ಒಪ್ಪಿಗೆ ಕೇಳುವ ಘಟನೋತ್ತರ ಅನುಮೋದನೆಯ ವಿಷಯ ಬಂದಾಗಲೇ ಗದ್ದಲ ಹೆಚ್ಚು.

ಹೆಚ್ಚಿನ ವಿಷಯಗಳು ಮತಕ್ಕೆ ಹೋಗುವುದೇ ಇಲ್ಲ. ಆಕ್ಷೇಪವಿಲ್ಲದಿದ್ದರೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆಯಲಾಗುತ್ತದೆ. ಭಿನ್ನಾಭಿಪ್ರಾಯವಿದ್ದಲ್ಲಿ ಹಾಜರಿದ್ದು ಮತ ನೀಡಿದವರ ಬಹುಮತವೇ ಅಂತಿಮ. ಸಮಬಲವಾದರೆ ಸಭೆಯ ಅಧ್ಯಕ್ಷತೆ ವಹಿಸಿದವರಿಗೆ ನಿರ್ಣಾಯಕ ಮತವಿದೆ. ತನಗೆ ಹಣಕಾಸಿನ ಹಿತಾಸಕ್ತಿಯಿರುವ ವಿಷಯದಲ್ಲಿ ಸದಸ್ಯರು ಮತ ಹಾಕುವಂತಿಲ್ಲ. ಅಧ್ಯಕ್ಷರನ್ನು ಕೆಳಗಿಳಿಸಲು ಮಾತ್ರ ಸರಳ ಬಹುಮತ ಸಾಲದು; ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬೆಂಬಲ ಬೇಕು.

ಅಂಗೀಕಾರವಾದ ಠರಾವಿಗೂ ತಡೆ ಬೀಳಬಹುದು. ಅದು ಕಾನೂನುಬಾಹಿರ ಅಥವಾ ಸಾರ್ವಜನಿಕರಿಗೆ ಹಾನಿಕರ ಎಂದು ಕಂಡುಬಂದಲ್ಲಿ ಅದರ ಜಾರಿಯನ್ನು ಅಮಾನತಿನಲ್ಲಿಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ.

ತೆರಿಗೆಯ ವಿಷಯದಲ್ಲಿ ಸಭೆಯ ಕೈ ಇನ್ನಷ್ಟು ಕಟ್ಟಿದೆ. 2021ರ ತಿದ್ದುಪಡಿಯ ನಂತರ ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ ಹೊಂದಿಸಲಾಗಿದ್ದು, ಪ್ರತಿ ವರ್ಷ ಶೇ. 3ರಿಂದ 5ರವರೆಗೆ ಹೆಚ್ಚಿಸುವ ವ್ಯವಸ್ಥೆ ಬಂದಿದೆ. ಏರಿಕೆ ಬೇಡ ಎನ್ನುವ ಆಯ್ಕೆ ಸಭೆಗೆ ಇಲ್ಲ. ಎಷ್ಟು ಎಂಬುದಷ್ಟೇ ಉಳಿದ ಚರ್ಚೆ.

ಮದ್ದೂರು: ಗಡಿಯ ಪ್ರಶ್ನೆ

ಜನಸಂಖ್ಯೆ 20 ಸಾವಿರದಿಂದ 50 ಸಾವಿರದವರೆಗೆ ಇದ್ದರೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ ಎಂಬುದು ಕಾಯ್ದೆಯ ಮಾನದಂಡ. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆ ಸುಮಾರು 1 ಲಕ್ಷ 37 ಸಾವಿರ, ಮಳವಳ್ಳಿಯದು ಸುಮಾರು 37 ಸಾವಿರ, ಮದ್ದೂರಿನದು ಸುಮಾರು 28 ಸಾವಿರ ಇತ್ತು. ಹೀಗಿರುವಾಗ ಮದ್ದೂರು ನಗರಸಭೆಯಾಗಬೇಕಾದರೆ ಸುತ್ತಲಿನ ಹಳ್ಳಿಗಳು ಸೇರಲೇಬೇಕು. 2025ರಲ್ಲಿ ಸರ್ಕಾರ ಈ ಮೇಲ್ದರ್ಜೆಗೆ ಮುಂದಾದಾಗ, ಸೇರ್ಪಡೆಯ ಪಟ್ಟಿಯಲ್ಲಿದ್ದ ಗೆಜ್ಜಲಗೆರೆಯ ಗ್ರಾಮಸ್ಥರು ಬೀದಿಗಿಳಿದು ವಿರೋಧಿಸಿದರು.

ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇದೆ, ಕೈಗಾರಿಕಾ ಪ್ರದೇಶವಿದೆ. ಆದಾಯವಿರುವ ಪಂಚಾಯಿತಿ ಅದು. ಪಟ್ಟಣಕ್ಕೆ ಸೇರಿದರೆ ರಸ್ತೆ, ಒಳಚರಂಡಿಗೆ ಹೆಚ್ಚಿನ ಅನುದಾನ ಬರುತ್ತದೆಂಬುದು ಒಂದು ವಾದ. ತೆರಿಗೆ ಏರುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ತಪ್ಪುತ್ತದೆ, ಗ್ರಾಮಸಭೆ ಇಲ್ಲವಾಗುತ್ತದೆ ಎಂಬುದು ಇನ್ನೊಂದು ವಾದ. ಗ್ರಾಮಸಭೆಯಲ್ಲಿ ಪ್ರತಿಯೊಬ್ಬ ಮತದಾರನೂ ಸದಸ್ಯ; ನಗರಸಭೆಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸದಸ್ಯರು. ಈ ವ್ಯತ್ಯಾಸ ಸಣ್ಣದಲ್ಲ.

ನಾಗರಿಕರು ತಿಳಿದಿರಬೇಕಾದುದು

ಸಾಮಾನ್ಯ ಸಭೆ ಗುಟ್ಟಿನ ಸಭೆಯಲ್ಲ. ವಿಶೇಷ ಕಾರಣವಿಲ್ಲದಿದ್ದಲ್ಲಿ ಸಾರ್ವಜನಿಕರು ಕುಳಿತು ವೀಕ್ಷಿಸಬಹುದು. ಸದಸ್ಯರೊಬ್ಬರು ಕೋರಿದರೆ ಠರಾವಿನ ಪರ ಯಾರು, ವಿರುದ್ಧ ಯಾರು ಎಂಬ ಹೆಸರುಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಆ ನಡಾವಳಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ನೀಡಿ ಕೇಳಬಹುದು. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ; ಪ್ರತಿಗಳ ವೆಚ್ಚ ಪ್ರತ್ಯೇಕ.

ಅಧ್ಯಕ್ಷ ಗಾದಿಯ ಚುನಾವಣೆಯ ದಿನ ಸಭಾಂಗಣದ ಹೊರಗೆ ಜನಜಂಗುಳಿ, ಪಟಾಕಿಯ ಸದ್ದು. ಮರುತಿಂಗಳು ನೀರಿನ ಕೊಳವೆಯ ಟೆಂಡರ್ ಅಂಗೀಕಾರವಾಗುವಾಗ ವೀಕ್ಷಕರ ಕುರ್ಚಿಗಳು ಖಾಲಿ. ಮನೆಯ ನಲ್ಲಿಗೆ ನೀರು ಬರುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಬಹುಪಾಲು ಈ ಎರಡನೆಯ ದಿನವೇ.