ಮದ್ದು ಗುರಿ ಮುಟ್ಟಿತೇ?



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಬರುವ ನಿಮ್ಮಲ್ಲಿ ಹಲವರು ಅಲ್ಲಿನ ಉಪಗ್ರಹ ನಿಯಂತ್ರಣ ಕೇಂದ್ರದ ಹೆಸರು ಕೇಳಿರುತ್ತೀರಿ. 1982ರಲ್ಲಿ ಇನ್ಸಾಟ್-1ಎ ಹಾರಿದಂದಿನಿಂದ ಆ ಕೇಂದ್ರ ಎರಡು ಕೆಲಸ ಮಾಡುತ್ತಿದೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಗೆ ಆದೇಶ ಕಳುಹಿಸುವುದು ಒಂದು. ಅವುಗಳಿಂದ ವರದಿ ಪಡೆಯುವುದು ಇನ್ನೊಂದು. ವರದಿ ಬಾರದಿದ್ದರೆ ಆದೇಶ ಕುರುಡು.

ವೈದ್ಯರ ಪಾಡೂ ಬಹುಕಾಲ ಹೀಗೆಯೇ ಇತ್ತು. ಮದ್ದು ಕೊಡುತ್ತಿದ್ದರು, ಅದು ರೋಗದ ಜಾಗ ಸೇರಿತೇ ಎಂದು ಕಾಣುವ ದಾರಿ ಇರಲಿಲ್ಲ. ಮದ್ದೇ ವರದಿಯನ್ನೂ ಕಳುಹಿಸಿದರೆ?

1941ರ ಮಾರ್ಚ್ 31ರಂದು ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಸಾಲ್ ಹರ್ಟ್ಜ್ ಥೈರಾಯ್ಡ್ ರೋಗಿಯೊಬ್ಬರಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ಇಂದು ಬಳಸುವ ಅಯೋಡಿನ್-131ರ ಬೀಟಾ ಕಣಗಳು ಅಲ್ಲಿಯೇ ಕೋಶಗಳನ್ನು ನಾಶ ಮಾಡುತ್ತವೆ. ಗಾಮಾ ಕಿರಣಗಳು ಹೊರಬಂದು ಕ್ಯಾಮೆರಾಗೆ ಚಿತ್ರ ಕೊಡುತ್ತವೆ. ಮದ್ದೂ ಅದೇ, ವರದಿಯೂ ಅದೇ.

ಇಂಥ ವಸ್ತುಗಳನ್ನು ಇಂದು ಹೆಚ್ಚಾಗಿ ಪರಮಾಣು ಸ್ಥಾವರಗಳಲ್ಲಿ ತಯಾರಿಸುತ್ತಾರೆ. ಭಾರತದ ಮೊದಲ ಸ್ಥಾವರ 'ಅಪ್ಸರಾ' 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಚಾಲನೆಗೊಂಡಿತು. ಆ ತಂಡದಲ್ಲಿದ್ದ ರಾಜಾ ರಾಮಣ್ಣ 1925ರಲ್ಲಿ ಹುಟ್ಟಿದ್ದು ನಿಮ್ಮ ನೆರೆಯ ತಿಪಟೂರಿನಲ್ಲಿ!

ಆದರೆ ಎಲ್ಲ ಅಂಗಗಳೂ ಅಯೋಡಿನ್ ಬಯಸುವುದಿಲ್ಲ. ಉಳಿದ ರೋಗಗಳಿಗೆ ಮದ್ದು ಹೊರುವ ವಾಹನ ಬೇಕು. ಇಲ್ಲಿಯೇ ನ್ಯಾನೋಕಣಗಳು ಬರುತ್ತವೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಕೊಬ್ಬಿನ ಅಣುಗಳು ನೀರಿನಲ್ಲಿ ತಾವೇ ಪುಟ್ಟ ಚೀಲಗಳಾಗುವುದನ್ನು ತೋರಿಸಿದರು. ಅವೇ ಲಿಪೋಸೋಮ್‌ಗಳು. 1995ರಲ್ಲಿ ಇಂಥ ಚೀಲದಲ್ಲಿ ತುಂಬಿದ ಕ್ಯಾನ್ಸರ್ ಮದ್ದಿಗೆ ಅಮೆರಿಕ ಅನುಮತಿ ನೀಡಿತು. ಅದೇ ಚೀಲದಲ್ಲಿ ಎಂಆರ್‌ಐ ಯಂತ್ರಕ್ಕೆ ಕಾಣುವ ಕಬ್ಬಿಣದ ಆಕ್ಸೈಡನ್ನೂ ಇಟ್ಟರೆ, ಮದ್ದಿನ ದಾರಿ ಕಾಣುತ್ತದೆ.

ದಾರಿ ಕಾಣುವುದು ಅಷ್ಟು ಮುಖ್ಯವೇ? ಹೌದು. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚುಚ್ಚಿದ ನ್ಯಾನೋಕಣಗಳಲ್ಲಿ ಗೆಡ್ಡೆ ತಲುಪಿದ್ದು ಸಾಮಾನ್ಯವಾಗಿ ಶೇಕಡಾ 0.7 ಮಾತ್ರ! ಬಹುಪಾಲು ಯಕೃತ್ತು, ಗುಲ್ಮಗಳ ಪಾಲಾಗುತ್ತದೆ. ರೋಗಿಯಿಂದ ರೋಗಿಗೂ ವ್ಯತ್ಯಾಸವುಂಟು. ಮದ್ದು ತಲುಪದ ರೋಗಿಯನ್ನು ಮೊದಲೇ ಗುರುತಿಸಿದರೆ ವೈದ್ಯರು ಬೇರೆ ಚಿಕಿತ್ಸೆ ಆರಿಸಬಹುದು. ಅರಕಲಗೂಡಿನ ಹಳ್ಳಿಯಿಂದ ಬೆಂಗಳೂರಿಗೆ ಅಲೆಯುವ ಬಡ ಕುಟುಂಬಕ್ಕೆ ವ್ಯರ್ಥ ಖರ್ಚು ತಪ್ಪುತ್ತದೆ. ರೋಗಿಗೆ ವ್ಯರ್ಥ ನೋವು ತಪ್ಪುತ್ತದೆ.

ಮದ್ದು, ಚಿತ್ರ ಎರಡನ್ನೂ ಹೊರುವ ಇಂಥ ನ್ಯಾನೋಕಣಗಳು ಬಹುಪಾಲು ಇನ್ನೂ ಪ್ರಯೋಗದ ಹಂತದಲ್ಲಿವೆ. ಅಯೋಡಿನ್ನಿಗೆ ದಾರಿ ತೋರಿಸಿದ್ದು ಗ್ರಂಥಿಯ ಸಹಜ ಗುಣ. ನ್ಯಾನೋಕಣಕ್ಕೆ ಆ ದಾರಿಯನ್ನು ನಾವೇ ಕಲಿಸಬೇಕಾಗಿದೆ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ನಿಮ್ಮ ತರಗತಿಯಲ್ಲಿ ಇವು ಬೇರೆ ಬೇರೆ ಪುಸ್ತಕಗಳು. ರೋಗಿಯ ದೇಹದಲ್ಲಿ ಒಂದೇ ಪಾಠ.