ದಿಲ್ಲಿಯನ್ನು ಮಂಗೋಲರು ಗೆದ್ದಿದ್ದರೆ



“ಹಾಗಾಗಿದ್ದರೆ ಏನಾಗುತ್ತಿತ್ತು?” ಎಂಬ ಪ್ರಶ್ನೆ ಚರಿತ್ರಕಾರನಿಗೆ ಸಲ್ಲದೆಂದು ಹಿರಿಯರು ಹೇಳುವುದುಂಟು. ಆದರೂ ಒಂದು ಘಟನೆಯ ತೂಕವನ್ನರಿಯಲು ಬೇರೆ ತಕ್ಕಡಿಯಿಲ್ಲ.

1303ನೆಯ ಇಸವಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿಯು ಚಿತೋಡವನ್ನು ಗೆದ್ದು ರಾಜಧಾನಿಗೆ ಆಗತಾನೆ ಮರಳಿದ್ದನು. ಓರಂಗಲ್ಲಿನ ಮೇಲೆ ಹೋಗಿದ್ದ ಇನ್ನೊಂದು ದಂಡು ಸೊರಗಿ ಹಿಂದಿರುಗಿತ್ತು. ಅಂಥ ಹೊತ್ತಿನಲ್ಲಿ ಚಗತಾಯ್ ಮಂಗೋಲರ ದಂಡನಾಯಕನಾದ ತರ್ಘಿಯು ಬಂದು ಯಮುನೆಯ ದಡದಲ್ಲಿ ಬೀಡುಬಿಟ್ಟನು. ಹೊಳೆಯ ಕಡವುಗಳೆಲ್ಲ ಅವನ ವಶವಾದುವು. ಹೊರಗಿನ ನೆರವು ಒಳಕ್ಕೆ ಬರಲಾರದೆ ಹೋಯಿತು. ಸುಲ್ತಾನನು ಸೀರಿಯ ಬಯಲಿನಲ್ಲಿ ಕಂದಕ ತೋಡಿಸಿ ಅದರ ಹಿಂದೆ ಕುಳಿತನು. ಊರಿಗೆ ಧಾನ್ಯ ಬರಲಿಲ್ಲ. ನೀರಿಗೂ ಸೌದೆಗೂ ಬರ ಬಂದಿತು. ಎರಡು ತಿಂಗಳು ಕಳೆದ ಮೇಲೆ ಮಂಗೋಲರು ತಾವಾಗಿಯೇ ಹಿಂದಿರುಗಿದರು. ಇದನ್ನು ಬರೆದಿಟ್ಟ ಬರನಿಯು ಆ ಕಾಲದ ಅಚ್ಚರಿಗಳಲ್ಲೊಂದೆಂದು ಎಣಿಸಿದನು.

ಅವರು ಹಿಂದಿರುಗದೆ ಕಂದಕವನ್ನು ದಾಟಿದ್ದರೆ? 1258ರಲ್ಲಿ ಬಾಗ್ದಾದಿಗೆ ಆದ ಗತಿ ನೆನಪಿಗೆ ಬರುತ್ತದೆ. ಅಲ್ಲಿ ಖಲೀಫನೇ ಹತನಾದನು. ಚೆಂಗಿಸ್ ಖಾನನ ಕಾಲದಿಂದ ಬುಖಾರ, ಖುರಾಸಾನಗಳ ಪಂಡಿತರೂ ಕುಶಲಕರ್ಮಿಗಳೂ ಓಡಿಬಂದು ಆಶ್ರಯ ಪಡೆದುದು ದಿಲ್ಲಿಯಲ್ಲಿ. ಅದೂ ಬಿದ್ದಿದ್ದರೆ ಅವರ ಮಕ್ಕಳು ಮೊಮ್ಮಕ್ಕಳಿಗೆ ಮುಂದೆ ಓಡಲು ಯಾವ ನೆಲವಿತ್ತು? ಅಮೀರ್ ಖುಸ್ರೋ ಅಂದು ದಿಲ್ಲಿಯ ಆಸ್ಥಾನಕವಿ; ಹಿಂದೆ 1285ರಲ್ಲಿ ಒಮ್ಮೆ ಮಂಗೋಲರ ಸೆರೆಯನ್ನು ಕಂಡು ಬಂದಿದ್ದವನು.

ಇರಾನಿನಲ್ಲಿ ಕೆಡವಿದವರೇ ಮುಂದೆ ಕಟ್ಟಿದರಲ್ಲವೆ ಎಂದು ಕೇಳಬಹುದು. ನಿಜ, 1295ರಲ್ಲಿ ಘಜಾನ್ ಖಾನನು ಇಸ್ಲಾಮನ್ನು ಸ್ವೀಕರಿಸಿದನು, ಅವನ ಮಂತ್ರಿ ರಶೀದುದ್ದೀನನು ಜಗತ್ತಿನ ಚರಿತ್ರೆಯನ್ನೇ ಬರೆಯಿಸಿದನು. ಆದರೆ ಆ ಮಂಗೋಲರಿಗೆ ಅಜರ್‌ಬೈಜಾನಿನ ಹುಲ್ಲುಗಾವಲುಗಳಿದ್ದುವು. ತರ್ಘಿಯ ಕುದುರೆಗಳಿಗೆ ಯಮುನೆಯ ಬೇಸಗೆ ಹಿಡಿಸುತ್ತಿರಲಿಲ್ಲ. ಅವರು ದಿಲ್ಲಿಯನ್ನು ಆಳುತ್ತಿರಲಿಲ್ಲ, ಬರಿದುಮಾಡಿ ಹೋಗುತ್ತಿದ್ದರೆಂಬುದೇ ನನ್ನ ಊಹೆ. 1398ರಲ್ಲಿ ತೈಮೂರನು ಮಾಡಿದುದೂ ಅದನ್ನೇ. ಅವನು ಹೋದ ಹತ್ತು ವರ್ಷಗಳೊಳಗೆ ಗುಜರಾತವೂ ಮಾಳವವೂ ಬೇರೆ ರಾಜ್ಯಗಳಾದುವು. ಆ ಒಡಕು ಒಂದು ಶತಮಾನ ಮೊದಲೇ ಆಗಿಬಿಡುತ್ತಿತ್ತು.

ನಡೆದುದೋ ಇದರ ವಿಪರೀತ. ಹೆದರಿಕೆಯು ಸುಲ್ತಾನನನ್ನು ಹೊಸ ಮನುಷ್ಯನನ್ನಾಗಿ ಮಾಡಿತು. ಸೀರಿಯ ಕೋಟೆ ಎದ್ದಿತು. ದೊಡ್ಡ ಸೈನ್ಯವನ್ನು ಕಡಮೆ ಖರ್ಚಿನಲ್ಲಿ ಸಾಕಬೇಕೆಂದು ಸವಾರನ ಸಂಬಳವನ್ನು ವರ್ಷಕ್ಕೆ 234 ಟಂಕಗಳಿಗೆ ನಿಲ್ಲಿಸಿದನು. ಅಷ್ಟರಲ್ಲಿ ಅವನು ಬದುಕಬೇಕೆಂದು ಮಣ ಗೋದಿಗೆ ಏಳೂವರೆ ಜಿತಲ್ ಎಂದು ಬೆಲೆ ಕಟ್ಟಿದನು. ಉಗ್ರಾಣ ತುಂಬಬೇಕೆಂದು ರೈತನಿಂದ ಬೆಳೆಯಲ್ಲಿ ಅರ್ಧವನ್ನು ಕಿತ್ತುಕೊಂಡನು. (ತೂಕದಲ್ಲಿ ಮೋಸಮಾಡಿದ ಅಂಗಡಿಯವನ ಮೈಯಿಂದ ಅಷ್ಟೇ ತೂಕದ ಮಾಂಸವನ್ನು ಕೊಯ್ಯಿಸುತ್ತಿದ್ದರೆಂದು ಬರನಿಯ ಮಾತು.)

ಮಂಗೋಲರಿಗಾಗಿ ಸಾಕಿದ ಈ ದಂಡು, 1306ರ ಅನಂತರ ಆ ಭಯವು ತಗ್ಗಲು, ತೆಂಕಣಕ್ಕೆ ತಿರುಗಿತು. ದಕ್ಷಿಣದ ಹೊನ್ನಿನ ರುಚಿ ಅಲ್ಲಾವುದ್ದೀನನಿಗೆ 1296ರ ದೇವಗಿರಿಯ ಸುಲಿಗೆಯಲ್ಲಿಯೇ ಹತ್ತಿತ್ತೆಂಬುದನ್ನು ಮರೆಯಲಾಗದು. ಆದರೆ ಆಸೆ ಬೇರೆ, ವರ್ಷವರ್ಷವೂ ಸಾವಿರ ಮೈಲಿ ನಡೆಯಬಲ್ಲ ಸೈನ್ಯ ಬೇರೆ. 1308ರಲ್ಲಿ ದೇವಗಿರಿ, 1310ರಲ್ಲಿ ಓರಂಗಲ್ಲು ಮಣಿದುವು. 1311ರ ಮೊದಲಲ್ಲಿ ಮಲ್ಲಿಕಾಫರನು ನಮ್ಮ ದೋರಸಮುದ್ರದ ಬಾಗಿಲಿಗೆ ಬಂದಾಗ, ಪಾಂಡ್ಯರ ಒಳಜಗಳದಲ್ಲಿ ಕೈಯಿಡಲು ಹೋಗಿದ್ದ ಮೂರನೆಯ ವೀರಬಲ್ಲಾಳನು ಅವಸರವಾಗಿ ಹಿಂದಿರುಗಿ, ಆನೆಗಳನ್ನೂ ಕುದುರೆಗಳನ್ನೂ ಬೊಕ್ಕಸವನ್ನೂ ಒಪ್ಪಿಸಿ ಊರನ್ನು ಉಳಿಸಿಕೊಂಡನು. ತರ್ಘಿಯೆಂಬ ಹೆಸರನ್ನು ಅವನು ಕೇಳಿಯೂ ಇರಲಾರನು.